ಮೆಸೇಜ್ ಅಪ್ಪನ ಫೋನಿಗೆ, ಹೊಲ ಅವ್ವನ ಕೈಲಿ: ಡಿಜಿಟಲ್ ಕೃಷಿ ಸಲಹೆ ತಲುಪುತ್ತಿರುವುದು ಯಾರಿಗೆ?

2019ರ ಮುಂಗಾರು. ಹಾವೇರಿ ಜಿಲ್ಲೆಯ ನಮ್ಮೂರಿನಲ್ಲಿ ಮೆಕ್ಕೆಜೋಳ ಮೊಣಕಾಲುದ್ದ ಬೆಳೆದು ನಿಂತಿತ್ತು. ನಾನು ಎರಡು ದಿನದ ಮಟ್ಟಿಗೆ ಊರಿಗೆ ಹೋಗಿದ್ದೆ. ಅಪ್ಪ ಸಂತೆ ಮುಗಿಸಿ ಬಂದು, ಅಂಗಿ ಜೇಬಿನಿಂದ ಫೋನ್ ತೆಗೆದು ನನ್ನ ಕೈಗೆ ಕೊಟ್ಟ. "ಏನೋ ಮೆಸೇಜ್ ಬಂದೈತಿ, ಓದು." ಮೆಕ್ಕೆಜೋಳಕ್ಕೆ ಫಾಲ್ ಸೈನಿಕ ಹುಳು ಬೀಳುತ್ತಿದೆ, ಕಂಡರೆ ಇಂಥ ಔಷಧಿ ಹೊಡೆಯಿರಿ ಅಂತ ಇತ್ತು. ನಾನು ಜೋರಾಗಿ ಓದಿದೆ. ಒಲೆ ಮುಂದೆ ರೊಟ್ಟಿ ತಟ್ಟುತ್ತಿದ್ದ ಅವ್ವ ತಿರುಗಿಯೂ ನೋಡದೆ ಅಂದಳು: "ಅದನ್ನ ನಾ ಎಂಟ್ ದಿನದ ಹಿಂದನ ನೋಡೇನಿ. ಕಳೆ ತೆಗಿಯುವಾಗ ಸುಳ್ಯಾಗ ಹಿಕ್ಕಿ ತುಂಬಿತ್ತು, ಎಲಿ ತೂತ ಬಿದ್ದಿದ್ವು. ಯಾರಿಗ್ ಹೇಳಬೇಕಿತ್ತು?"

ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ. ಇರಬೇಕಿತ್ತು. ಯಾಕಂದ್ರೆ ಎಂಜಿನಿಯರಿಂಗ್ ಮುಗಿಸಿದ ಮೇಲೆ ಬೆಂಗಳೂರಿನ ಒಂದು ಕಂಪನಿಯಲ್ಲಿ ನಾನು ಮಾಡುತ್ತಿದ್ದ ಕೆಲಸವೇ ಅದು, ರೈತರಿಗೆ ಇಂಥ ಮೆಸೇಜ್ ಕಳಿಸುವ ಸಾಫ್ಟ್‌ವೇರ್ ಬರೆಯೋದು. ನಮ್ಮ ಡ್ಯಾಶ್‌ಬೋರ್ಡಿನಲ್ಲಿ ಅಪ್ಪನಂಥ ಪ್ರತಿ ಫೋನಿನ ಮುಂದೆ ಹಸಿರು ಬಣ್ಣದಲ್ಲಿ 'ಡೆಲಿವರ್ಡ್' ಅಂತ ಬರ್ತಿತ್ತು. ಅದನ್ನೇ ನಾವು ಯಶಸ್ಸು ಅಂತ ಲೆಕ್ಕ ಹಾಕ್ತಿದ್ವಿ. ಹುಳು ನೋಡಿದ್ದ ಕೈ ಮತ್ತು ಮೆಸೇಜ್ ಬಂದ ಫೋನು ಬೇರೆ ಬೇರೆ ಅನ್ನೋದು ನಮ್ಮ ಯಾವ ಕಾಲಂನಲ್ಲೂ ಇರಲಿಲ್ಲ.

ವಿಶ್ವಸಂಸ್ಥೆ 2026ನ್ನು ಅಂತರರಾಷ್ಟ್ರೀಯ ಮಹಿಳಾ ರೈತರ ವರ್ಷ ಎಂದು ಘೋಷಿಸಿದೆ. ಜೊತೆಗೆ, ಎಐ ಬಂತು, ಇನ್ನು ಪ್ರತಿ ರೈತನ ಜೇಬಿನಲ್ಲೂ ಒಬ್ಬ ಕೃಷಿ ವಿಜ್ಞಾನಿ ಎಂಬ ಮಾತು ಎಲ್ಲ ಕಡೆ ಕೇಳುತ್ತಿದೆ. ಹಾಗಾಗಿ ಒಂದು ಸರಳ ಪ್ರಶ್ನೆಯನ್ನು ಕೂಲಂಕಷವಾಗಿ ನೋಡುವ ಸಮಯ ಇದು. ಡಿಜಿಟಲ್ ಕೃಷಿ ಸಲಹೆ ಯಾರ ಕೈ ಸೇರುತ್ತಿದೆ? ಹೆಣ್ಣುಮಕ್ಕಳಿಗೆ, ಸಣ್ಣ ಹಿಡುವಳಿಯ ಯುವಕ ಯುವತಿಯರಿಗೆ ಅದು ಕೆಲಸಕ್ಕೆ ಬರಬೇಕಾದರೆ ಏನು ಬದಲಾಗಬೇಕು?

ಡಿಜಿಟಲ್ ಕೃಷಿ ಸಲಹೆ ಅಂದ್ರೆ ಏನೇನು?

ಹೆಸರು ಹೊಸದು, ಕೆಲಸ ಹಳೆಯದು. ಆಕಾಶವಾಣಿಯ ಕೃಷಿರಂಗ, ಹೋಬಳಿಗೊಂದರಂತೆ ಇರುವ ರೈತ ಸಂಪರ್ಕ ಕೇಂದ್ರ, ಕೃಷಿ ವಿಶ್ವವಿದ್ಯಾಲಯಗಳ ಕೃಷಿ ಮೇಳ ಇವೆಲ್ಲ ಮಾಡುತ್ತಿದ್ದ ಕೆಲಸವನ್ನೇ ಫೋನಿನ ಮೂಲಕ ಮಾಡುವುದು. ಸದ್ಯ ನಮ್ಮಲ್ಲಿ ಬಳಕೆಯಲ್ಲಿರುವ ದಾರಿಗಳು ಇವು:

• ಕರೆ: ಕೇಂದ್ರ ಸರ್ಕಾರದ ಕಿಸಾನ್ ಕಾಲ್ ಸೆಂಟರ್ 2004ರ ಜನವರಿಯಲ್ಲಿ ಶುರುವಾಯಿತು. ನಂಬರ್ 1800-180-1551. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮಳೆ, ಹವಾಮಾನದ ಬಗ್ಗೆ ಕೇಳಲು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ ಇದೆ: 92433 45433.

• ಎಸ್‌ಎಂಎಸ್: 2013ರಲ್ಲಿ ಬಂದ ಎಂ-ಕಿಸಾನ್ ಪೋರ್ಟಲ್ ಮೂಲಕ ಇಲಾಖೆಗಳು, ವಿಜ್ಞಾನಿಗಳು ನೋಂದಾಯಿತ ರೈತರಿಗೆ ಸಂದೇಶ ಕಳಿಸುತ್ತಾರೆ.

• ಆ್ಯಪ್: 2019ರಲ್ಲಿ ಬಂದ ಮೇಘದೂತ್ ಹವಾಮಾನ ಇಲಾಖೆಯ ಮುನ್ಸೂಚನೆ ಮತ್ತು ಬೆಳೆ ಸಲಹೆ ಕೊಡುತ್ತದೆ. ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಸಲಹಾ ಪತ್ರ ಹೊರಬರುತ್ತದೆ.

• ಚಾಟ್‌ಬಾಟ್: 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ತಂದ ಕಿಸಾನ್ ಇ-ಮಿತ್ರ, ಪಿಎಂ ಕಿಸಾನ್ ಬಗೆಗಿನ ಪ್ರಶ್ನೆಗಳಿಗೆ ಉತ್ತರಿಸುತ್ತದೆ. ಬೆಳೆ ಸಲಹೆ ಕೊಡುವ ಖಾಸಗಿ ಮತ್ತು ಸ್ವಯಂಸೇವಾ ಸಂಸ್ಥೆಗಳ ಬಾಟ್‌ಗಳೂ ಬಂದಿವೆ.

• ಯೂಟ್ಯೂಬ್, ವಾಟ್ಸಾಪ್: ಯಾವ ಸರ್ಕಾರಿ ಪಟ್ಟಿಯಲ್ಲೂ ಇಲ್ಲ. ಆದರೆ ಹಳ್ಳಿಯ ಹುಡುಗರು ಮೊದಲು ನೋಡುವುದು ಇಲ್ಲೇ.

ದಾರಿಗಳಿಗೆ ಬರ ಇಲ್ಲ. ತೊಡಕಿರುವುದು ಈ ದಾರಿಗಳ ಇನ್ನೊಂದು ತುದಿಯಲ್ಲಿ ಯಾರಿದ್ದಾರೆ ಅನ್ನೋದರಲ್ಲಿ.

ಮೊದಲ ಗೋಡೆ: ದತ್ತಾಂಶದಲ್ಲಿ 'ರೈತ' ಯಾರು?

ಭೂ ದಾಖಲೆ ಡಿಜಿಟಲೀಕರಣದಲ್ಲಿ ಕರ್ನಾಟಕ ದೇಶಕ್ಕೇ ಮುಂದು. ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಎರಡು ದಶಕದ ಹಿಂದೆಯೇ ಕಂಪ್ಯೂಟರಿಗೆ ಬಂದವು. ಅದರ ಮೇಲೆ ಈಗ ಫ್ರೂಟ್ಸ್ ತಂತ್ರಾಂಶ ನಿಂತಿದೆ. ಆಧಾರ್, ಪಹಣಿ, ಬ್ಯಾಂಕ್ ಖಾತೆ ಜೋಡಿಸಿ ರೈತರಿಗೆ ಎಫ್‌ಐಡಿ ಕೊಡುತ್ತಾರೆ. ರಿಯಾಯಿತಿ ಬೀಜ, ಬೆಳೆ ಪರಿಹಾರ, ಬೆಂಬಲ ಬೆಲೆ ಯಾವುದಕ್ಕೆ ಹೋದರೂ ಮೊದಲು ಕೇಳೋದು ಎಫ್‌ಐಡಿ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ 2,817 ಕೋಟಿ ರೂಪಾಯಿಯ ಡಿಜಿಟಲ್ ಕೃಷಿ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 11 ಕೋಟಿ ರೈತರಿಗೆ ಗುರುತಿನ ಸಂಖ್ಯೆ ಕೊಡುವ ಗುರಿ ಅದರದ್ದು. ಆ ಸಂಖ್ಯೆಯೂ ಭೂ ದಾಖಲೆಯ ಮೇಲೇ ನಿಂತಿದೆ.

ಎಂಜಿನಿಯರ್ ಕಣ್ಣಿಂದ ನೋಡಿದರೆ ಅಚ್ಚುಕಟ್ಟಾದ ವ್ಯವಸ್ಥೆ. ಒಂದು ಪಹಣಿ, ಒಬ್ಬ ರೈತ, ಒಂದು ಮೊಬೈಲ್ ನಂಬರ್. ಆದರೆ ಈ ಸಮೀಕರಣದ ಹೊರಗೆ ಉಳಿದವರು ಯಾರು ನೋಡಿ.

2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿಗಳಲ್ಲಿ ಮಹಿಳೆಯರು ನಡೆಸುವಂಥವು ಶೇ 13.9 ಮಾತ್ರ. ವಿಸ್ತೀರ್ಣದ ಲೆಕ್ಕದಲ್ಲಿ ಶೇ 11.7. ಇನ್ನೊಂದು ಕಡೆ, ಕಾರ್ಮಿಕ ಬಲ ಸಮೀಕ್ಷೆಗಳ ಪ್ರಕಾರ ಗ್ರಾಮೀಣ ಭಾರತದಲ್ಲಿ ದುಡಿಯುವ ಮಹಿಳೆಯರಲ್ಲಿ ಸುಮಾರು ಮುಕ್ಕಾಲು ಪಾಲು ಇರುವುದು ಕೃಷಿಯಲ್ಲೇ. ಅಂದ್ರೆ ಹೊಲದ ಲೆಕ್ಕದಲ್ಲಿ ಹೆಣ್ಣುಮಕ್ಕಳು ಎಲ್ಲೆಡೆ ಇದ್ದಾರೆ, ಪಟ್ಟಿಯ ಲೆಕ್ಕದಲ್ಲಿ ಎಲ್ಲೋ ಅಲ್ಲೊಬ್ಬರು ಇಲ್ಲೊಬ್ಬರು.

ಕಾನೂನು ಇಲ್ಲ ಅಂತಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಮಾಡಿತ್ತು. ಕೇಂದ್ರ ಮಾಡಿದ್ದು 2005ರಲ್ಲಿ. ಆದರೆ ನಮ್ಮೂರ ಕಡೆ ತವರಿನ ಪಾಲು ಕೇಳಿದ ಹೆಣ್ಣುಮಗಳಿಗೆ ಪಂಚಮಿ ಹಬ್ಬಕ್ಕೆ ಕರೆ ಬರೋದು ನಿಲ್ಲುತ್ತೆ. ಹಾಗಾಗಿ ಬಹುಪಾಲು ಜನ ಅಣ್ಣತಮ್ಮಂದಿರಿಗೆ ಸಹಿ ಮಾಡಿಕೊಟ್ಟು ಬಿಡ್ತಾರೆ.

ಯುವಕರದು ಇನ್ನೊಂದು ಕಥೆ. ಲಕ್ಷಾಂತರ ಪಹಣಿಗಳು ಇವತ್ತಿಗೂ ತೀರಿಕೊಂಡ ತಾತ, ಮುತ್ತಾತಂದಿರ ಹೆಸರಿನಲ್ಲಿವೆ. ಪೌತಿ ಖಾತೆ ಆಗಬೇಕು, ಅದಕ್ಕೆ ವಂಶವೃಕ್ಷ ಬೇಕು, ಎಲ್ಲ ದಾಯಾದಿಗಳ ಒಪ್ಪಿಗೆ ಬೇಕು. ಹೊಲ ಮಾಡೋದು 26ರ ಮೊಮ್ಮಗ, ದಾಖಲೆಯಲ್ಲಿರುವ 'ರೈತ' ಸತ್ತು ಹದಿನೈದು ವರ್ಷ ಆಗಿರುತ್ತೆ. ಲಾವಣಿ ಹಾಕಿಕೊಂಡು, ಕೋರಿಗೆ ಮಾಡುವವರದಂತೂ ಲೆಕ್ಕಕ್ಕೇ ಇಲ್ಲ. ನಮ್ಮ ಭೂ ಸುಧಾರಣಾ ಕಾನೂನು ಗೇಣಿಯನ್ನು ನಿಷೇಧಿಸಿರುವುದರಿಂದ ಎಲ್ಲವೂ ಬಾಯಿಮಾತಿನ ಒಪ್ಪಂದ, ದಾಖಲೆ ಅನ್ನೋದು ಇರೋದೇ ಇಲ್ಲ.

ಎಂ.ಎಸ್. ಸ್ವಾಮಿನಾಥನ್ ಅಧ್ಯಕ್ಷತೆಯ ರಾಷ್ಟ್ರೀಯ ರೈತ ಆಯೋಗದ ಶಿಫಾರಸಿನ ಮೇಲೆ ಬಂದ 2007ರ ರಾಷ್ಟ್ರೀಯ ರೈತ ನೀತಿ, ಗೇಣಿದಾರರು, ಕೃಷಿ ಕೂಲಿಗಳು, ಪಶುಪಾಲಕರನ್ನೂ ಸೇರಿಸಿ 'ರೈತ' ಎಂದು ವ್ಯಾಖ್ಯಾನಿಸಿತ್ತು. ಮಹಿಳಾ ರೈತರ ಹಕ್ಕಿಗಾಗಿ ಅವರೇ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆಯನ್ನೂ ಮಂಡಿಸಿದ್ದರು. ಅದು ಕಾನೂನಾಗಲಿಲ್ಲ. ಡೇಟಾಬೇಸ್ ಕಟ್ಟುವಾಗ ಆ ವಿಶಾಲ ವ್ಯಾಖ್ಯಾನವನ್ನು ಬಿಟ್ಟು ಪಹಣಿಯನ್ನು ಹಿಡಿದುಕೊಂಡರು.

ಇಲ್ಲಿ ಒಂದು ವ್ಯತ್ಯಾಸ ಸ್ಪಷ್ಟವಾಗಿರಲಿ. ಸಹಾಯಧನ, ಪರಿಹಾರ ಕೊಡುವಾಗ ಭೂಮಿ ಯಾರದು ಅಂತ ಕೇಳುವುದಕ್ಕೆ ಒಂದು ಕಾರಣವಾದರೂ ಇದೆ, ಸರ್ಕಾರದ ದುಡ್ಡು ಸೋರಿಹೋಗಬಾರದು. ಆದರೆ ಸಲಹೆಗೆ ಒಡೆತನದ ಪುರಾವೆ ಯಾಕೆ? ಹುಳು ಹೇಗೆ ಹತೋಟಿ ಮಾಡಬೇಕು ಅನ್ನೋದನ್ನ ಹತ್ತು ಜನ ಹೆಚ್ಚಿಗೆ ತಿಳಿದುಕೊಂಡರೆ ಖಜಾನೆಗೆ ಏನು ನಷ್ಟ?

ಎರಡನೇ ಗೋಡೆ: ಮನೆಯಲ್ಲಿ ಫೋನ್ ಇದೆ, ಆದರೆ ಯಾರದು?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ತಾವೇ ಬಳಸುವ ಮೊಬೈಲ್ ಇರುವ ಮಹಿಳೆಯರು ದೇಶದಲ್ಲಿ ಶೇ 53.9. ಗ್ರಾಮೀಣ ಭಾಗದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಮಹಿಳೆಯರು ಶೇ 24.6, ಪುರುಷರು ಶೇ 48.7. ಸಮೀಕ್ಷೆ ನಡೆದು ಕೆಲವು ವರ್ಷವಾಗಿದೆ, ಈಗ ಫೋನ್ ಹೆಚ್ಚಾಗಿರುತ್ತೆ. ಆದರೆ ಗಂಡು ಹೆಣ್ಣಿನ ನಡುವಿನ ಆ ಅಂತರ ತಾನಾಗೇ ಮುಚ್ಚಿಕೊಳ್ಳುತ್ತೆ ಅಂತ ನಂಬೋಕೆ ಕಾರಣ ಕಾಣಲ್ಲ.

ಅಂಕಿಅಂಶ ಹೇಳದ ಸಂಗತಿ ಒಂದಿದೆ. 'ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ' ಎಂಬುದು 'ಅವಳಿಗೆ ಸಿಗುತ್ತದೆ' ಎಂದಲ್ಲ. ನಮ್ಮ ಮನೆಯ ಲೆಕ್ಕವನ್ನೇ ತಗೊಳ್ಳಿ. ಹಗಲು ಫೋನ್ ಅಪ್ಪನ ಜೇಬಿನಲ್ಲಿ, ಸಂಜೆ ತಮ್ಮನ ಕೈಯಲ್ಲಿ. ಅವ್ವನಿಗೆ ಸಿಗುವುದು ತವರಿಂದ ಕರೆ ಬಂದಾಗ. ಇನ್ನು ಹೊಸದಾಗಿ ಮದುವೆಯಾಗಿ ಬಂದ ಸೊಸೆ ಫೋನ್ ಹಿಡಿದು ಕೂತರೆ ಅತ್ತೆ ಕೇಳುವ ಮೊದಲ ಪ್ರಶ್ನೆ, "ಯಾರ ಕೂಡ ಮಾತಾಡಾಕತ್ತೀ?" ಈ ಮನೆಗೆ 'ಆ್ಯಪ್ ಡೌನ್‌ಲೋಡ್ ಮಾಡಿ' ಅನ್ನುವ ಅಭಿಯಾನ ಬಂದರೆ ಅದು ತಲುಪುವುದು ಅಪ್ಪ ಮತ್ತು ತಮ್ಮನವರೆಗೆ ಮಾತ್ರ.

"ಮನೇಲಿ ಒಬ್ಬರಿಗೆ ಗೊತ್ತಾದರೆ ಸಾಕಲ್ವಾ, ಹೇಳ್ತಾರೆ ಬಿಡಿ" ಅನ್ನುವ ವಾದ ಕಂಪನಿಯಲ್ಲಿದ್ದಾಗ ನಾನೂ ಮಾಡಿದ್ದೇನೆ. ಪೂರ್ವ ಉಗಾಂಡಾದಲ್ಲಿ ಮೆಕ್ಕೆಜೋಳ ಬೆಳೆಯುವ ದಂಪತಿಗಳ ನಡುವೆ ಸಂಶೋಧಕರು ಈ ವಾದವನ್ನೇ ಪರೀಕ್ಷೆಗೆ ಒಡ್ಡಿದರು. ಬೇಸಾಯದ ವಿಡಿಯೊವನ್ನು ಕೆಲವು ಮನೆಗಳಲ್ಲಿ ಗಂಡನಿಗೆ ಮಾತ್ರ, ಕೆಲವು ಕಡೆ ಹೆಂಡತಿಗೆ ಮಾತ್ರ, ಕೆಲವು ಕಡೆ ಇಬ್ಬರಿಗೂ ತೋರಿಸಿದರು. ಹೆಂಡತಿಗೆ ನೇರವಾಗಿ ತೋರಿಸಿದ ಕಡೆ ಅವಳ ತಿಳಿವಳಿಕೆಯೂ ಹೆಚ್ಚಿತು, ಬೇಸಾಯದ ನಿರ್ಧಾರದಲ್ಲಿ ಅವಳ ಪಾತ್ರವೂ ಹೆಚ್ಚಿತು. 'ಮನೆಗೆ ತಲುಪಿತು' ಅನ್ನುವುದೂ 'ಅವಳಿಗೆ ತಲುಪಿತು' ಅನ್ನುವುದೂ ಒಂದೇ ಅಲ್ಲ.

ಮೂರನೇ ಗೋಡೆ: ಸಲಹೆಯ ಒಳಗೆ ಯಾರ ಕೆಲಸ ಇದೆ?

ಇದು ನನಗೆ ತಡವಾಗಿ ಅರ್ಥವಾದದ್ದು. ಸರಿ, ಅವ್ವನ ಕೈಗೇ ಫೋನ್ ಕೊಟ್ಟೆವು ಅಂದುಕೊಳ್ಳಿ. ಅವಳಿಗೆ ಬರುವ ಸಲಹೆ ಏನು? ಯಾವ ಔಷಧಿ, ಲೀಟರಿಗೆ ಎಷ್ಟು, ಯಾವ ಗೊಬ್ಬರ, ಎಕರೆಗೆ ಎಷ್ಟು. ಅಂದ್ರೆ ಅಂಗಡಿಯಲ್ಲಿ ಕೊಳ್ಳುವ, ಪಂಪು ಹೊತ್ತು ಹೊಡೆಯುವ ಕೆಲಸ. ನಮ್ಮ ಕಡೆ ಇವೆರಡೂ ಹೆಚ್ಚಾಗಿ ಗಂಡಸರವು. ಬೀಜ ಆರಿಸೋದು, ಬೀಜೋಪಚಾರ, ನಾಟಿ, ಕಳೆ, ಕೊಯ್ಲು, ಒಕ್ಕಣೆ ಆದ ಮೇಲೆ ಕಾಳು ಕಾಪಿಡೋದು, ದನ, ಕೋಳಿ, ಹಿತ್ತಲು ಇವೆಲ್ಲ ಹೆಣ್ಣುಮಕ್ಕಳ ಕೈಲಿರುವ ಕೆಲಸ. ಸಲಹೆಗಳಲ್ಲಿ ಇವು ಬರುವುದು ಅಪರೂಪ.

ಎರಡು ಉದಾಹರಣೆ ಕೊಡ್ತೀನಿ.

ಮೊದಲನೆಯದು ಅವ್ವ ನೋಡಿದ ಹುಳು. ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ವರದಿಯಾಗಿದ್ದೇ ನಮ್ಮ ರಾಜ್ಯದಲ್ಲಿ, 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಮೆಕ್ಕೆಜೋಳದ ಹೊಲದಲ್ಲಿ. ಮರಿ ಸಣ್ಣದಿದ್ದಾಗ ಎಲೆಯ ಮೇಲ್ಪದರ ಕೆರೆದು ತಿನ್ನುತ್ತದೆ, ಆಗ ಹತೋಟಿ ಸುಲಭ. ದೊಡ್ಡದಾದ ಮೇಲೆ ಸುಳಿಯೊಳಗೆ ಇಳಿದು, ತನ್ನ ಹಿಕ್ಕೆಯಿಂದಲೇ ಬಾಯಿ ಮುಚ್ಚಿಕೊಂಡು ಕೂರುತ್ತದೆ. ಆಮೇಲೆ ಹೊಡೆದ ಔಷಧಿ ಅದರ ಮೈಗೆ ತಾಗುವುದೇ ಕಷ್ಟ. ಗುರುತು ಹಿಡಿಯೋದು ಕಷ್ಟವೇನಲ್ಲ: ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ' ಅಕ್ಷರದಂಥ ಗೆರೆ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಇಡೀ ಹತೋಟಿ ನಿಂತಿರುವುದು 'ಬೇಗ ನೋಡುವುದರ' ಮೇಲೆ. ಬೇಗ ನೋಡುವವರು ಯಾರು? ಸಾಲು ಸಾಲು ಬಗ್ಗಿ ಕಳೆ ತೆಗೆಯುವ ಹೆಂಗಸರು. ಆದರೆ ಮೆಸೇಜಿನಲ್ಲಿ ಬಂದದ್ದು ಹೊಡೆಯುವ ಔಷಧಿಯ ಹೆಸರು. ನೋಡುವ ಗುರುತು ಅದರಲ್ಲಿ ಇರಲಿಲ್ಲ.

ಎರಡನೆಯದು ಕಲಬುರಗಿಯ ತೊಗರಿ. ಬಿತ್ತಿ ಸುಮಾರು 45ರಿಂದ 50 ದಿನಕ್ಕೆ ಕುಡಿ ಚಿವುಟಿದರೆ ಕವಲು ಹೆಚ್ಚಾಗಿ ಕಾಯಿ ಹೆಚ್ಚು ಹಿಡಿಯುತ್ತದೆ ಅಂತ ಕೃಷಿ ವಿಜ್ಞಾನಿಗಳು ವರ್ಷಗಳಿಂದ ಹೇಳುತ್ತಿದ್ದಾರೆ. ಖರ್ಚು ಕಡಿಮೆ, ಔಷಧಿ ಬೇಕಿಲ್ಲ. ಆದರೆ ದಿನ ತಪ್ಪಬಾರದು, ಹೂ ಮೊಗ್ಗು ಬಂದ ಮೇಲೆ ಚಿವುಟಿದರೆ ನಷ್ಟ. ಯಂತ್ರ ಇಲ್ಲದ ಕಡೆ ಕೈಯಿಂದ ಚಿವುಟುವ ಈ ಕೆಲಸ ಹೆಚ್ಚಾಗಿ ಹೆಂಗಸರದು, ಕೂಲಿಗೆ ಹೋಗುವವರದೂ ಸೇರಿ. ಯಾವ ಹೊಲದಲ್ಲಿ ಯಾವತ್ತು, ಎಷ್ಟು ಉದ್ದ ಚಿವುಟಬೇಕು ಅನ್ನುವುದು ಆ ಹೆಂಗಸರ ಗುಂಪಿಗೆ ಗೊತ್ತಾದರೆ ಒಂದು ಮನೆಗಲ್ಲ, ಅವರು ಕೆಲಸ ಮಾಡುವ ಎಲ್ಲ ಹೊಲಕ್ಕೂ ಆ ತಿಳಿವಳಿಕೆ ಹೋಗುತ್ತದೆ. ಕೂಲಿ ಹೆಣ್ಣುಮಕ್ಕಳನ್ನು ಸಲಹೆಯ ಪಟ್ಟಿಗೆ ಸೇರಿಸುವುದನ್ನು ಅನುಕಂಪದ ವಿಷಯ ಮಾಡಬೇಕಿಲ್ಲ, ಅದು ಬೇಸಾಯದ ಜಾಣತನ.

ಹಾಗೆಯೇ ಕೀಟನಾಶಕ. ಪಂಪು ಹೊರುವವನಿಗೆ ಮುಖಗವಸು ಹಾಕಿಕೋ ಅಂತ ಸಂದೇಶ ಹೋಗುತ್ತೆ. ಕೊಡದಲ್ಲಿ ನೀರು ಹೊತ್ತು ತಂದು ಔಷಧಿ ಕಲಸಿಕೊಡುವವಳಿಗೆ, ಮರುದಿನ ಅದೇ ಹೊಲಕ್ಕೆ ಕಳೆಗೆ ಇಳಿಯುವವಳಿಗೆ, ಆ ಬಟ್ಟೆ ಒಗೆಯುವವಳಿಗೆ ಯಾರೂ ಏನೂ ಹೇಳುವುದಿಲ್ಲ.

ಹಳ್ಳಿಯ ಹುಡುಗರು: ಡೇಟಾ ಕೊಡೋರು, ಸಲಹೆ ಸಿಗದೋರು

ಯುವಕರಿಗೆ ಫೋನ್ ಗೊತ್ತು, ಆದ್ದರಿಂದ ಅವರಿಗೆ ಡಿಜಿಟಲ್ ಸಲಹೆ ತಾನಾಗೇ ಸಿಗುತ್ತೆ ಎಂಬುದು ಇನ್ನೊಂದು ಭ್ರಮೆ.

ನಮ್ಮ ರಾಜ್ಯದ ಬೆಳೆ ಸಮೀಕ್ಷೆಯನ್ನೇ ನೋಡಿ. ಪ್ರತಿ ಹಂಗಾಮಿನಲ್ಲೂ ಪ್ಲಾಟಿಗೆ ಹೋಗಿ, ಆ್ಯಪಿನಲ್ಲಿ ಬೆಳೆಯ ಫೋಟೊ ತೆಗೆದು ಅಪ್‌ಲೋಡ್ ಮಾಡುವವರಲ್ಲಿ ಬಹಳಷ್ಟು ಜನ 'ಪಿಆರ್' ಎಂದು ಕರೆಸಿಕೊಳ್ಳುವ ಅದೇ ಊರಿನ ಹುಡುಗ ಹುಡುಗಿಯರು. ಪ್ಲಾಟಿನ ಲೆಕ್ಕದಲ್ಲಿ ಸಣ್ಣ ಸಂಭಾವನೆ. ಆ ಫೋಟೊ, ಆ ಮಾಹಿತಿ ಬೆಂಗಳೂರಿಗೆ ಹೋಗುತ್ತದೆ, ವಿಮೆ, ಪರಿಹಾರದ ಲೆಕ್ಕಕ್ಕೆ ಬಳಕೆಯಾಗುತ್ತದೆ. ಆದರೆ ಆ ಹುಡುಗನ ಊರಿಗೆ 'ನಿಮ್ಮೂರಲ್ಲಿ ಈ ಸಲ ಇಷ್ಟು ಎಕರೆ ಈರುಳ್ಳಿ ಬಿದ್ದಿದೆ, ಬೆಲೆ ಯೋಚಿಸಿ' ಅಂತ ಮಾಹಿತಿ ವಾಪಸ್ ಬರಲ್ಲ. ಡೇಟಾ ಮೇಲಕ್ಕೆ ಹೋಗುತ್ತೆ, ಕೆಳಗೆ ಇಳಿಯಲ್ಲ.

ಯುವ ರೈತರ ಎರಡನೇ ಕಷ್ಟ ಬಂಡವಾಳ. ಹನಿ ನೀರಾವರಿ ಹಾಕಿಸಿ ಅಂತ ವಿಡಿಯೊ ಹೇಳುತ್ತೆ. ಸಹಾಯಧನಕ್ಕೆ, ಬೆಳೆ ಸಾಲಕ್ಕೆ ಪಹಣಿ ಬೇಕು. ಪಹಣಿ ಅಪ್ಪನ ಹೆಸರಲ್ಲಿ, ಅಪ್ಪ ಒಪ್ಪಲ್ಲ. ರಾಜ್ಯದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದ್ರೆ ಮೂರೂವರೆ ಎಕರೆಗೂ ಕಡಿಮೆ. ಅದರಲ್ಲಿ ಅರ್ಧ ಎಕರೆಯನ್ನು ಮಗನ ಪ್ರಯೋಗಕ್ಕೆ ಬಿಡುವ ಧೈರ್ಯ ಎಷ್ಟು ಅಪ್ಪಂದಿರಿಗೆ ಇರುತ್ತೆ? ಸಲಹೆಯೊಂದೇ ಬಂದು, ಅದನ್ನು ಮಾಡುವ ಅಧಿಕಾರ ಬರದಿದ್ದರೆ ಅದು ಹತಾಶೆಯನ್ನಷ್ಟೇ ಹೆಚ್ಚಿಸುತ್ತದೆ.

ಮೂರನೆಯದು, ಯಾರನ್ನು ನಂಬುವುದು ಅನ್ನೋದು. ಯೂಟ್ಯೂಬಿನಲ್ಲಿ 'ಎಕರೆಗೆ ಹತ್ತು ಲಕ್ಷ' ಅನ್ನುವ ವಿಡಿಯೊ ಕೆಳಗೆ ಸಸಿ ಮಾರುವವರ ನಂಬರ್ ಇರುತ್ತೆ. ಗೊಬ್ಬರದ ಅಂಗಡಿಯವರ ಸಲಹೆಯ ಹಿಂದೆ ಅವರ ದಾಸ್ತಾನು ಇರುತ್ತೆ. ಕಂಪನಿಯ ಆ್ಯಪಿನ ಸಲಹೆಯ ಹಿಂದೆ ಕಂಪನಿಯ ಮಾಲು ಇರುತ್ತೆ. ಸ್ವಂತ ಲಾಭವಿಲ್ಲದೆ ಹೇಳುವ ಸಾರ್ವಜನಿಕ ದನಿ ದುರ್ಬಲವಾದಷ್ಟೂ ಇವುಗಳ ದನಿ ಜೋರಾಗುತ್ತೆ. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಕೆಲಸ ಮಾಡುತ್ತಿದ್ದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು 2024ರಲ್ಲಿ ಮುಚ್ಚಿದ್ದನ್ನು ಇದರ ಜೊತೆ ಇಟ್ಟು ನೋಡಿ. ಆ್ಯಪ್ ಉಳಿಯಿತು. ಸ್ಥಳೀಯ ಹೊಲ ಗೊತ್ತಿದ್ದು ಸಲಹೆ ಬರೆಯುತ್ತಿದ್ದ ಜನರ ಕೆಲಸ ಹೋಯಿತು.

ಕೆಲಸ ಮಾಡಿದ ಮಾದರಿಗಳು

ನಿರಾಶೆಯ ಪಟ್ಟಿ ಸಾಕು. ಕೆಲಸ ಮಾಡಿದ ಮಾದರಿಗಳು ದೂರದಲ್ಲೇನೂ ಇಲ್ಲ.

• ಊರಿನವರದೇ ವಿಡಿಯೊ: ಡಿಜಿಟಲ್ ಗ್ರೀನ್ ಶುರುವಾಗಿದ್ದು 2006ರಲ್ಲಿ, ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನ ಒಂದು ಪ್ರಯೋಗವಾಗಿ, ನಮ್ಮ ರಾಜ್ಯದ ಹಳ್ಳಿಗಳಲ್ಲೇ. ಅಲ್ಲಿನ ರೈತರೇ ತಮ್ಮ ಹೊಲದಲ್ಲಿ ಮಾಡಿ ತೋರಿಸಿದ್ದನ್ನು ಚಿತ್ರೀಕರಿಸಿ, ಊರಲ್ಲೇ ಜನ ಸೇರಿಸಿ ತೋರಿಸುವುದು. ಊರಿನ ಒಬ್ಬರು ನಡುನಡುವೆ ವಿಡಿಯೊ ನಿಲ್ಲಿಸಿ ಚರ್ಚೆ ಮಾಡಿಸುವುದು. 16 ಹಳ್ಳಿಗಳಲ್ಲಿ 13 ತಿಂಗಳು ನಡೆದ ಅಧ್ಯಯನದಲ್ಲಿ, ಮಾಮೂಲಿ ವಿಸ್ತರಣಾ ವಿಧಾನಕ್ಕಿಂತ ಏಳು ಪಟ್ಟು ಹೆಚ್ಚು ಜನ ಹೊಸ ಪದ್ಧತಿಗಳನ್ನು ಅಳವಡಿಸಿಕೊಂಡಿದ್ದು ಕಂಡುಬಂತು. ವಿಡಿಯೊ ನೋಡಿದವರು ಕೇಳುತ್ತಿದ್ದ ಮೊದಲ ಪ್ರಶ್ನೆಗಳಲ್ಲಿ ಒಂದು, 'ಈ ರೈತ ಯಾವ ಊರಿನವರು?' ತಂತ್ರಜ್ಞಾನಕ್ಕಿಂತ ಗುರುತಿನ ಮುಖ ಮುಖ್ಯವಾಯಿತು. ಮುಂದೆ ಇದೇ ಪದ್ಧತಿ ಬಿಹಾರದ ಜೀವಿಕಾದಂಥ ಮಹಿಳಾ ಸ್ವಸಹಾಯ ಸಂಘಗಳ ಜಾಲ ಸೇರಿತು. ಸಂಘದ ಸಭೆಗೆ ಹೋಗಲು ಹೆಣ್ಣುಮಕ್ಕಳಿಗೆ ಮನೆಯಲ್ಲಿ ಹೊಸದಾಗಿ ಅನುಮತಿ ಕೇಳಬೇಕಿಲ್ಲ, ವಿಡಿಯೊ ಅಲ್ಲಿಗೇ ಬರುತ್ತದೆ.

• ದನಿ: ಗುಜರಾತಿನ 'ಅವಾಜ್ ಓಟಲೋ' ಸೇವೆಯಲ್ಲಿ ರೈತರು ಬಟನ್ ಫೋನಿನಿಂದಲೇ ಕರೆ ಮಾಡಿ ಪ್ರಶ್ನೆ ರೆಕಾರ್ಡ್ ಮಾಡಬಹುದಿತ್ತು, ಬೇರೆಯವರ ಪ್ರಶ್ನೆ ಮತ್ತು ಉತ್ತರ ಕೇಳಬಹುದಿತ್ತು. ಅಲ್ಲಿ ಸುಮಾರು 1,200 ಕುಟುಂಬಗಳ ನಡುವೆ ನಡೆದ ಅಧ್ಯಯನದಲ್ಲಿ ಸಲಹೆ ಪಡೆದವರ ಬೇಸಾಯದ ಆಯ್ಕೆಗಳು ಬದಲಾದದ್ದು ಕಂಡಿತು. ಓದು ಬರಹ ಬೇಡ, ಡೇಟಾ ಪ್ಯಾಕ್ ಬೇಡ.

• ಸಮುದಾಯ ರೇಡಿಯೊ: ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2001ರಲ್ಲಿ 'ನಮ್ಮ ಧ್ವನಿ' ಶುರುವಾದಾಗ ಸಮುದಾಯಕ್ಕೆ ರೇಡಿಯೊ ಪರವಾನಗಿಯೇ ಸಿಗುತ್ತಿರಲಿಲ್ಲ. ಕೇಬಲ್ ಮೂಲಕ ಮನೆಮನೆಗೆ ದನಿ ಮುಟ್ಟಿಸಿದರು. ಬೀದರಿನ ಗಡಿಯಾಚೆ, ತೆಲಂಗಾಣದ ಜಹೀರಾಬಾದ್ ಬಳಿಯ ಮಾಚನೂರಿನಲ್ಲಿ 2008ರಿಂದ ದಲಿತ ಮಹಿಳೆಯರೇ ನಡೆಸುತ್ತಿರುವ 'ಸಂಗಂ ರೇಡಿಯೊ' ಇದೆ. ಬೀಜ, ಸಿರಿಧಾನ್ಯ, ಮಳೆ ಎಲ್ಲದರ ಬಗ್ಗೆ ತಮ್ಮದೇ ಮಾತಿನಲ್ಲಿ. ರೊಟ್ಟಿ ತಟ್ಟುತ್ತಲೂ ಕೇಳಬಹುದಾದ ಮಾಧ್ಯಮ ಅದು.

• ಕೃಷಿ ಸಖಿ: ಸ್ವಸಹಾಯ ಸಂಘದ ಹೆಣ್ಣುಮಗಳಿಗೇ ತರಬೇತಿ ಕೊಟ್ಟು ಊರಿನ ಸಲಹೆಗಾರ್ತಿ ಮಾಡುವ ಯೋಜನೆ. 2023ರ ಆಗಸ್ಟಿನಲ್ಲಿ ಕೇಂದ್ರದ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಸಚಿವಾಲಯಗಳು ಒಪ್ಪಂದ ಮಾಡಿಕೊಂಡವು. ಮೊದಲ ಹಂತದ 12 ರಾಜ್ಯಗಳಲ್ಲಿ ಕರ್ನಾಟಕವೂ ಇದೆ. ಕಾಗದದಲ್ಲಿ ಇದು ಅವ್ವನ ಪ್ರಶ್ನೆಗೆ ಸರಿಯಾದ ಉತ್ತರ, ಹೇಳಿಕೊಳ್ಳಲು ಊರಲ್ಲೇ ಒಬ್ಬಳು ಇದ್ದಾಳೆ. ಆದರೆ ಅವಳಿಗೆ ಸಿಗುವುದು ಸಂಬಳ ಅಲ್ಲ, ಗೌರವಧನ. ಆಶಾ, ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿಯುವ ಕಾರಣವೇ ಇಲ್ಲೂ ಕಾದು ಕೂತಿದೆ.

ಈ ನಾಲ್ಕರಲ್ಲೂ ಫೋನು, ವಿಡಿಯೊ, ರೇಡಿಯೊ ಬರೀ ಸಾಧನ. ಕೊನೆಯ ಹೆಜ್ಜೆಯಲ್ಲಿ ಊರಿನ ಒಬ್ಬ ಮನುಷ್ಯ, ಅಥವಾ ಊರಿನ ದನಿ ಇದೆ.

ಎಐ ಬಂದರೆ ಇದೆಲ್ಲ ಸರಿಹೋಗುತ್ತಾ?

ಸ್ವಲ್ಪ ಸಹಾಯ ಆಗುತ್ತೆ. ಟೈಪ್ ಮಾಡಲು ಬಾರದವರು ಮಾತಾಡಿ ಕೇಳಬಹುದು, ಎಲೆಯ ಫೋಟೊ ತೋರಿಸಬಹುದು, ರಾತ್ರಿ ಹನ್ನೊಂದಕ್ಕೂ ಕೇಳಬಹುದು. ಆದರೆ ಅದು ಅವ್ವನ 'ಸುಳ್ಯಾಗ ಹಿಕ್ಕಿ ತುಂಬೇತಿ'ಯನ್ನು ಅರ್ಥ ಮಾಡಿಕೊಳ್ಳಬೇಕು. ಪುಸ್ತಕದ ಕನ್ನಡ ಕಲಿತ ಯಂತ್ರಕ್ಕೆ ಕಲಬುರಗಿ, ಹಾವೇರಿ, ಚಾಮರಾಜನಗರದ ಕನ್ನಡ ಒಂದೇ ಅಲ್ಲ. ಒಂದೇ ಕಳೆಗೆ ತಾಲ್ಲೂಕಿಗೊಂದು ಹೆಸರು. ಗಂಡಸರೇ ಹೆಚ್ಚು ಕೇಳಿದರೆ ಯಂತ್ರ ಗಂಡಸರ ಪ್ರಶ್ನೆಗಳಿಗೇ ಪಳಗುತ್ತದೆ. ತಪ್ಪು ಔಷಧಿ ಹೇಳಿ ಬೆಳೆ ಹೋದರೆ ಹೊಣೆ ಯಾರು? ಮೂರೆಕರೆಯವರಿಗೆ ಒಂದು ಹಂಗಾಮು ಅಂದ್ರೆ ಒಂದು ವರ್ಷದ ಬದುಕು.

ಏನು ಬದಲಾಗಬೇಕು?

1. ಸಲಹೆಯನ್ನು ಪಹಣಿಯಿಂದ ಬಿಡಿಸಿ. ಸಹಾಯಧನಕ್ಕೆ ಎಫ್‌ಐಡಿ ಇರಲಿ, ಸಲಹೆಗೆ ಒಂದು ಮಿಸ್ಡ್ ಕಾಲ್ ಸಾಕಾಗಬೇಕು. ಒಂದು ಹೊಲಕ್ಕೆ ಮೂರು ನಂಬರ್ ಸೇರಿಸಲು ಅವಕಾಶ ಇರಲಿ: ಒಡೆಯನದು, ಒಡತಿಯದು, ಮಾಡುವವರದು. ತಾಂತ್ರಿಕವಾಗಿ ಇದು ಡೇಟಾಬೇಸಿನಲ್ಲಿ ಒಂದು ಟೇಬಲ್ ಹೆಚ್ಚಿಗೆ ಇಡುವಷ್ಟು ಕೆಲಸ.

2. ಮೊದಲು ದನಿ, ಆಮೇಲೆ ಆ್ಯಪ್. ಕರೆ ಯಾವ ಹೊತ್ತಿಗೆ ಬರಬೇಕು ಅಂತ ಕೇಳುವವರೇ ಹೇಳಲಿ. ತಪ್ಪಿಹೋದರೆ ಮತ್ತೆ ಕೇಳಲು ಉಚಿತ ನಂಬರ್ ಇರಲಿ.

3. ಬೆಳೆಯ ಕ್ಯಾಲೆಂಡರ್ ಪಕ್ಕದಲ್ಲಿ ಕೆಲಸದ ಕ್ಯಾಲೆಂಡರ್ ಇಡಿ. ಈ ವಾರ ಹೊಲದಲ್ಲಿ ಯಾರ ಕೈ ಏನು ಮಾಡುತ್ತಿದೆ? ಸಲಹೆ ಆ ಕೈಗೆ ಹೋಗಲಿ.

4. ಕೃಷಿ ಸಖಿಗೆ ನಿಗದಿತ ವೇತನ, ಫೋನ್, ಡೇಟಾ ಖರ್ಚು ಕೊಡಿ. ಅವಳು ಹೇಳಿದ್ದಕ್ಕೆ ಉತ್ತರ ಕೊಡುವ ವಿಜ್ಞಾನಿಯ ನೇರ ಸಂಪರ್ಕವೂ ಬೇಕು.

5. ಬೆಳೆ ಸಮೀಕ್ಷೆ ಮಾಡುವ ಯುವಜನರ ಕೆಲಸವನ್ನು ಎರಡೂ ದಿಕ್ಕಿಗೆ ತಿರುಗಿಸಿ. ಊರಿನ ಬೆಳೆ ಚಿತ್ರಣ ಪಂಚಾಯಿತಿಗೆ ವಾಪಸ್ ಬರಲಿ, ಅದನ್ನು ವಿವರಿಸುವ ಕೆಲಸವೂ ಅವರಿಗೇ ಸಿಗಲಿ, ಸಂಬಳದೊಂದಿಗೆ.

6. ನಂಬರ್ ಯಾರಿಗೂ ಮಾರಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯ ಮಾತಾಡುತ್ತದೆ. ಹೆಣ್ಣುಮಗಳೊಬ್ಬಳ ನಂಬರ್ ಬೀಜ ಕಂಪನಿಗೆ ಸೋರಿ, ಅಪರಿಚಿತ ಕರೆಗಳು ಶುರುವಾದರೆ ಮನೆಯಲ್ಲಿ ಮೊದಲು ಹೋಗುವುದು ಅವಳ ಫೋನ್.

7. ಅಳತೆ ಬದಲಿಸಿ. 'ಎಷ್ಟು ಜನರಿಗೆ ಕಳಿಸಿದೆವು' ಬೇಡ. ಎಷ್ಟು ಹೆಣ್ಣುಮಕ್ಕಳು ಕೇಳಿದರು, ಎಷ್ಟು ಯುವಜನ ತಿರುಗಿ ಪ್ರಶ್ನೆ ಹಾಕಿದರು, ಎಷ್ಟು ಹೊಲದಲ್ಲಿ ಮಾಡಿದರು ಅನ್ನೋದನ್ನ ತಾಲ್ಲೂಕುವಾರು ಪ್ರಕಟಿಸಿ.

ಇದರಲ್ಲಿ ಯಾವುದೂ ಭೂಮಿಯ ಹಕ್ಕಿಗೆ ಬದಲಿಯಲ್ಲ. ಪಹಣಿಯಲ್ಲಿ ಹೆಸರು ಬರುವ ಹೋರಾಟ ಬೇರೆ, ಅದು ನಡೆಯಲೇಬೇಕು. ಆದರೆ ಅದು ಮುಗಿಯುವವರೆಗೆ ಹುಳು ಕಾಯಲ್ಲ.

ನೀವೇನು ಮಾಡಬಹುದು?

ಈ ಲೇಖನ ಓದುತ್ತಿರುವ ಬಹುಪಾಲು ಜನ ಊರು ಬಿಟ್ಟು ಬಂದವರು ಅಂತ ನನ್ನ ಅಂದಾಜು. ಮುಂದಿನ ಸಲ ಊರಿಗೆ ಹೋದಾಗ ಮೂರು ಕೆಲಸ ಮಾಡಿ. ಅಮ್ಮನ, ಅಕ್ಕನ ಫೋನಿನಲ್ಲಿ, ಬಟನ್ ಫೋನಾದರೂ ಸರಿ, ಕಿಸಾನ್ ಕಾಲ್ ಸೆಂಟರ್ ಮತ್ತು ವರುಣಮಿತ್ರದ ನಂಬರ್ ಸೇವ್ ಮಾಡಿ, ಒಂದು ಕರೆ ಅವರ ಕೈಯಿಂದಲೇ ಮಾಡಿಸಿ. ನಿಮ್ಮ ಪಂಚಾಯಿತಿಯ ಕೃಷಿ ಸಖಿ ಯಾರು, ಅವರಿಗೆ ಗೌರವಧನ ಬಂದಿದೆಯಾ ಅಂತ ವಿಚಾರಿಸಿ. ಗ್ರಾಮಸಭೆ ನಡೆದರೆ ಒಂದು ಪ್ರಶ್ನೆ ಕೇಳಿ: ನಮ್ಮೂರಲ್ಲಿ ಕೃಷಿ ಸಂದೇಶ ಹೋಗುವ ನಂಬರುಗಳಲ್ಲಿ ಹೆಂಗಸರವು ಎಷ್ಟು? ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಇದೆ.

ನಾನು ಆ ಕಂಪನಿ ಬಿಟ್ಟು ವರ್ಷಗಳಾದವು. ಆ ವರ್ಷ ನಮ್ಮ ಮೆಕ್ಕೆಜೋಳಕ್ಕೆ ಎರಡು ಸಲ ಔಷಧಿ ಹೊಡೆದರೂ ಫಸಲು ಕಡಿಮೆಯೇ ಬಂತು. ಎಂಟು ದಿನ ಮೊದಲು ಹೊಡೆದಿದ್ದರೆ ಉಳಿಯುತ್ತಿತ್ತಾ ಅಂತ ಖಚಿತವಾಗಿ ಹೇಳಲಾರೆ. ಆದರೆ ಹುಳು ಬಿದ್ದಿದೆ ಅನ್ನುವ ಮಾಹಿತಿ ಆ ಮನೆಯಲ್ಲಿ ಎಂಟು ದಿನ ಮೊದಲೇ ಇತ್ತು. ಅದನ್ನು ಕೇಳುವ ವ್ಯವಸ್ಥೆ ಇರಲಿಲ್ಲ ಅಷ್ಟೇ.